ಬುತ್ತಿ ಬಸ್ಸಿನ ಹಾಜರಿ

1974ರ ಜನವರಿ, ಸಂಕ್ರಾಂತಿ ಕಳೆದ ಮೇಲಿನ ಬುಧವಾರ, ಮುಂಜಾನೆ ಐದು ಗಂಟೆ. ಸ್ಥಳ, ಸಿಂದಗಿಯಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಕೋಣೆ. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ಕೋಣೆಯ ಜೊತೆಗಾರ. ನಾನು ಎದ್ದು ಕಸ ಗುಡಿಸುತ್ತಿದ್ದೆ. ಅವನು ಕೌದಿಯೊಳಗಿದ್ದ.

"ಏಳೋ, ಐದ ಆತು."

"ಆಗ್ಲಿ ಬಿಡು. ಐದ ಆದ ಮ್ಯಾಲ ಆರ ಆಗ್ತೈತಿ. ಅದಕ್ಕ ನಾ ಏನ್ ಮಾಡ್ಲಿ?"

"ಇವತ್ತಿನಿಂದ ಟರ್ಮಿನ ಪ್ರಶ್ನೆ ಐತಿ, ಮರತಿಯೇನ?"

"ಟರ್ಮ್ ಏನ್ ನಸಿಕಿನಾಗ ಹಂಚತಾರೇನ್ ಲೇ? ಕಸಬರಿಗಿ ಆ ಕಡೆ ಹಿಡಿ, ಮೂಗಿನಾಗ ಧೂಳ ಬರಾಕತ್ತೈತಿ."

ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ. ಅದಕ್ಕೂ ಮುಂಚೆ ಪಿ.ಯು.ಸಿ. ಮುಗಿಯುವ ತನಕ ಬಸವನ ಬಾಗೇವಾಡಿಯಲ್ಲಿ ಒಂದು ಮಠದ ಬೋರ್ಡಿಂಗಿನಲ್ಲಿದ್ದೆ. ಅಲ್ಲಿ ಪ್ರತಿಯೊಂದಕ್ಕೂ ಗಂಟೆ ಬಾರಿಸುತ್ತಿದ್ದರು. ಏಳುವುದು, ಸ್ನಾನ, ಪ್ರಾರ್ಥನೆ, ಊಟ, ಓದು, ನಿದ್ದೆ ಎಲ್ಲವೂ ಗಂಟೆಯ ಮೇಲೆ. ಸಿಂದಗಿಗೆ ಬಂದ ಮೇಲೆ ಪಾಠದ ಹೊತ್ತಿನ ಹೊರತು ಗಂಟೆಯೇ ಇರಲಿಲ್ಲ. ಮೊದಲ ವಾರ ಮಧ್ಯಾಹ್ನದ ಬಿಡುವಿನಲ್ಲಿ ನಾನು ಊಟದ ಸಾಲು ಎಲ್ಲಿ ನಿಲ್ಲುತ್ತದೆಂದು ಹುಡುಕಿ, ಸಿಗದೆ, ವರಾಂಡದಲ್ಲಿ ಒಬ್ಬನೇ ಸಾಲಾಗಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ನಾಲ್ಕು ಜನ ಬಂದು ನಿಂತರು. ಏತಕ್ಕೆ ನಿಂತಿದ್ದೇವೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಕಾಲೇಜಿನ ಸಿಪಾಯಿ ಬಂದು, ಫೀ ಕಟ್ಟುವ ಕಿಟಕಿ ಇವತ್ತು ತೆರೆಯುವುದಿಲ್ಲ ಎಂದು ಹೇಳಿ ನಮ್ಮನ್ನು ಚದುರಿಸಿದ.

ಊಟದ ವ್ಯವಸ್ಥೆ ಹೀಗಿತ್ತು. ನಮ್ಮೂರು ಯಂಕಂಚಿಯ ಆಚೆಗೆ, ಜೊತೆಗಾರನದು ಈಚೆಗೆ. ದಿನಕ್ಕೊಂದೇ ಬಸ್ಸು. ಅದು ಸಿಂದಗಿ ಮುಟ್ಟುವುದು ಕಾಲೇಜು ಶುರುವಾದ ಮೇಲೆ. ಆದ್ದರಿಂದ ನಾವು ಕೋಣೆ ಹಿಡಿದು ಇರುತ್ತಿದ್ದೆವು, ನಮ್ಮ ಬುತ್ತಿ ಮಾತ್ರ ದಿನವೂ ಬಸ್ಸಿನಲ್ಲಿ ಬರುತ್ತಿತ್ತು. ಅವ್ವ ಡಬ್ಬಿ ತುಂಬಿ, ಅರಿವೆಯಲ್ಲಿ ಗಂಟು ಕಟ್ಟಿ ಕಂಡಕ್ಟರನ ಕೈಗೆ ಕೊಡುವಳು. ನಾವು ಬಸ್ ನಿಲ್ದಾಣದಲ್ಲಿ ಇಳಿಸಿಕೊಳ್ಳುವುದು. ಅದೇ ಬಸ್ಸು ಬಿಜಾಪುರಕ್ಕೆ ಹೋಗಿ ಸಂಜೆ ತಿರುಗಿ ಬರುವಾಗ ತೊಳೆದ ಡಬ್ಬಿಯನ್ನು ಹತ್ತಿಸುವುದು. ಆ ದಾರಿಯ ಊರುಗಳ ಏಳೆಂಟು ವಿದ್ಯಾರ್ಥಿಗಳು ಹೀಗೆಯೇ ಉಣ್ಣುತ್ತಿದ್ದೆವು. ಖಾನಾವಳಿಯ ಊಟ ನಮ್ಮ ಕೈಗೆ ನಿಲುಕುವಂಥದ್ದಾಗಿರಲಿಲ್ಲ.

ಒಬ್ಬನೇ ಹೋಗಿ ಎಲ್ಲರ ಬುತ್ತಿ ತರಬಹುದಿತ್ತು. ಮೊದಲು ಹಾಗೆಯೇ ಮಾಡುತ್ತಿದ್ದೆವು. ನಾಗರಪಂಚಮಿಯ ಮರುದಿನ ನನ್ನ ಜೊತೆಗಾರ ಹೋದವನು ಇನ್ನೊಬ್ಬನ ಗಂಟಿನಲ್ಲಿ ಶೇಂಗಾ ಹೋಳಿಗೆ ಇರುವುದನ್ನು ವಾಸನೆಯಿಂದಲೇ ಕಂಡುಹಿಡಿದು, ದಾರಿಯಲ್ಲಿಯೇ ಮುಗಿಸಿ ಬಂದ. ಆ ಹುಡುಗನ ತಾಯಿ ಮರುದಿನ ಬಸ್ಸಿಗೆ ಅಡ್ಡ ನಿಂತು ಕಂಡಕ್ಟರನಿಗೆ ಊರ ಮುಂದೆ ಬೈದಳು. ಅವತ್ತಿನಿಂದ ಕಂಡಕ್ಟರ್ ಒಂದು ಕಾನೂನು ಮಾಡಿದ. ಬುತ್ತಿ ಯಾರದೋ ಅವರ ಕೈಗೇ ಕೊಡುವುದು. ಅದೂ ಸುಮ್ಮನೆ ಅಲ್ಲ. ಒಳಗೆ ಏನು ಪಲ್ಯ ಇದೆ ಎಂದು ಹೇಳಬೇಕು. ಮೂರು ಸಲ ಅವಕಾಶ. ಮೂರೂ ತಪ್ಪಿದರೆ ಬುತ್ತಿ ಬಿಜಾಪುರಕ್ಕೆ ಹೋಗುತ್ತಿತ್ತು.

"ನಿಮ್ಮವ್ವ ಏನ್ ಮಾಡ್ಯಾಳ ಅನ್ನೂದು ನಿನಗ ಗೊತ್ತಿಲ್ಲಂದ್ರ, ಆಕಿ ನಿಮ್ಮವ್ವ ಅನ್ನೂದು ನನಗ ಹೆಂಗ ಗೊತ್ತಾಗಬೇಕು?" ಎಂಬುದು ಅವನ ವಾದ.

ಒಂದು ಸಲ ನನ್ನ ಬುತ್ತಿ ತುಂಬಿದ್ದು ತುಂಬಿದಂತೆಯೇ ಊರಿಗೆ ಮರಳಿತು. ಮರುದಿನ ಅದೇ ಬಸ್ಸಿನಲ್ಲಿ ಅಪ್ಪ, ಕಾಕಾ ಮತ್ತು ನಾಟಿ ಔಷಧ ಕೊಡುವ ಒಬ್ಬ ಮುದುಕ ಇಳಿದರು. ನನಗೆ ಏನೂ ಆಗಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ ಕಹಿ ಕಷಾಯ ಕುಡಿಸಿಯೇ ಹೋದರು. ಆದ್ದರಿಂದ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿ ಇರುವುದು ತಪ್ಪಿಸಲಾಗದ ಕೆಲಸ. ತೊಂದರೆ ಎಂದರೆ, ಅದೇ ಹೊತ್ತಿಗೆ ಇಂಗ್ಲಿಷ್ ಪಾಠ.

ಇಂಗ್ಲಿಷ್ ಸರ್ ಮೈಸೂರು ಕಡೆಯವರು, ಹೊಸದಾಗಿ ಬಂದವರು, ಒಬ್ಬರೇ ಇದ್ದು ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ದಿನವೂ ಒಂದೇ ಹೊತ್ತಿಗೆ ಅದೇ ಏಳೆಂಟು ಜನ ಹೊಟ್ಟೆ ನೋವೆಂದು ಎದ್ದು ಹೋಗುವುದನ್ನು ನೋಡಿ ನೋಡಿ, ಹಾಜರಿಯನ್ನು ಪಾಠದ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕರೆಯತೊಡಗಿದರು. ಮಂಗಳವಾರ ನಮ್ಮನ್ನು ನಿಲ್ಲಿಸಿ ಹೇಳಿದರು: "ನಾಳೆಯಿಂದ ಒಂದು ಕ್ಲಾಸ್ ತಪ್ಪಿದರೂ ನಿಮಗೆ ಟರ್ಮ್ ಕೊಡೋದಿಲ್ಲ." ಟರ್ಮ್ ಸಿಗದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ. ನಮ್ಮಪ್ಪ ಕಾಲೇಜಿಗೆ ಕಳಿಸುವಾಗಲೇ ಹೇಳಿದ್ದ, ಒಂದು ವರ್ಷ ಕೆಟ್ಟರೂ ಚೀಲ ಕಟ್ಟಿಕೊಂಡು ಮನೆಗೆ ಬಾ ಎಂದು. ಅವನು ಮಾತು ಬದಲಿಸುವವನಲ್ಲ.

ಬುಧವಾರ ಮುಂಜಾನೆಯ ಚಿಂತೆ ಇದು. ಕೋಣೆ ಗುಡಿಸಿ, ಬಾವಿಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಜೊತೆಗಾರ ಎದ್ದು ಕೂತಿದ್ದ.

"ಒಂದ್ ಉಪಾಯ ಐತಿ," ಎಂದ. "ಸರ್ ಬರೂ ದಾರ್ಯಾಗ ಒಂದ್ ಎಮ್ಮಿ ಅಡ್ಡ ಕಟ್ಟೂಣು. ಅವ್ರು ಎಮ್ಮಿಗಿ ಅಂಜ್ತಾರ."

"ನಾ ಹೋಗಿ ಖರೇ ಇದ್ದದ್ದು ಹೇಳ್ತೇನಿ."

"ಖರೇ ಹೇಳಿದ್ರ ಯಾರ ನಂಬ್ತಾರ? ಪಲ್ಲೆ ಹೇಳಿದ್ರ ಊಟ ಕೊಡ್ತಾರ ಅಂತ ನಮ್ಮ ಮಂದೀನ ನಂಬೂದಿಲ್ಲ. ಎಮ್ಮಿ ಆದ್ರ ಕಣ್ಣಿಗಿ ಕಾಣ್ತೈತಿ."

ಎಮ್ಮೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ ಕಾಲೇಜಿಗೆ ಹೋದೆವು. ಇಂಗ್ಲಿಷ್ ಪಾಠ ಶುರುವಾಯಿತು. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹಿಮ ಬೀಳುವ ವರ್ಣನೆ. ನಾವು ಹೊರಗಿನ ರಸ್ತೆಗೆ ಕಿವಿ ಕೊಟ್ಟು ಕೂತಿದ್ದೆವು. ದೂರದಲ್ಲಿ ಹಾರ್ನ್ ಕೇಳಿತು. ಏಳೆಂಟು ತಲೆಗಳು ಒಟ್ಟಿಗೆ ಕಿಟಕಿಯ ಕಡೆ ತಿರುಗಿದವು.

ಸರ್ ಪುಸ್ತಕ ಮಡಚಿದರು. "ಏನ್ರೀ ಅದು? ದಿನಾ ಈ ಶಬ್ದ ಬಂದ ತಕ್ಷಣ ನಿಮಗೆ ಹೊಟ್ಟೆ ನೋವು ಬರುತ್ತೆ."

ನಾನು ಎದ್ದು ನಿಂತೆ. ಬೋರ್ಡಿಂಗಿನಲ್ಲಿ ಮಾತಾಡುತ್ತಿದ್ದಂತೆ ಕೈ ಕಟ್ಟಿಕೊಂಡು ಬಸ್ಸು, ಬುತ್ತಿ, ಕಂಡಕ್ಟರನ ಕಾನೂನು, ಪಲ್ಯದ ಪ್ರಶ್ನೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹೋಳಿಗೆಯ ವಿಷಯ ಬಂದಾಗ ಜೊತೆಗಾರ ನೆಲ ನೋಡಿದ.

ಸರ್ ಮೇಜಿನ ಮೇಲಿನ ಹಾಜರಿ ಪುಸ್ತಕ ಎಳೆದುಕೊಂಡರು. "ನೀವು ಹೇಳೋದು ಸುಳ್ಳಾದರೆ?"

"ಟರ್ಮ್ ಕೊಡಬ್ಯಾಡ್ರಿ ಸರ್."

"ನಿಜವಾದರೆ?"

"ಬುತ್ತಿ ತರಾಕ ಬಿಡ್ರಿ."

ಅವರು ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡರು. "ಎಲ್ಲರೂ ಏಳಿ. ಕ್ಲಾಸ್ ಬಸ್ ಸ್ಟ್ಯಾಂಡಿನಲ್ಲಿ ಮುಂದುವರೆಯುತ್ತೆ. ಈ ಕಂಡಕ್ಟರ್‌ನ ನಾನೇ ನೋಡಬೇಕು."

ಬೀದಿಯಲ್ಲಿ ಗುಂಪಾಗಿ ಹೋಗುವುದು ಸರಿಯಲ್ಲವೆಂದು ನಾನು ಎಲ್ಲರನ್ನೂ ಇಬ್ಬಿಬ್ಬರಂತೆ ಸಾಲು ಮಾಡಿಸಿದೆ. ಅಂಗಡಿಗಳವರು ಹೊರಗೆ ಬಂದು ನೋಡಿದರು. ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಒಬ್ಬ ಬಟ್ಟೆ ಅಂಗಡಿಯವನು ಟೊಪ್ಪಿಗೆ ತೆಗೆದ.

ನಿಲ್ದಾಣದಲ್ಲಿ ನಮ್ಮ ಬಸ್ಸು ಇರಲಿಲ್ಲ. ಕೇಳಿಸಿದ್ದು ಯಾವುದೋ ಲಾರಿಯ ಹಾರ್ನ್. ಸರ್ ಅವರ ಮುಖ ಬಿಗಿಯಾಯಿತು. ಆದರೆ ಪಾಠದ ಹೊತ್ತು ವ್ಯರ್ಥ ಮಾಡುವವರಲ್ಲ ಅವರು. ಕಲ್ಲಿನ ಕಟ್ಟೆ ಹತ್ತಿ ನಿಂತು, ಹಿಮದ ವರ್ಣನೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡರು. ನಾವು ಕೆಳಗೆ ಸಾಲಾಗಿ ಕೂತೆವು. ಬಸ್ಸು ಕಾಯುತ್ತಿದ್ದ ಮಂದಿಯೂ ಬಂದು ಕೂತರು. ಜನವರಿಯಾದರೂ ಬಿಸಿಲು ಏರಿತ್ತು. ನಮ್ಮ ಪಕ್ಕದಲ್ಲಿ ಗಂಟು ಹಿಡಿದು ಕೂತಿದ್ದ ಒಬ್ಬ ಮುದುಕಿ ಜೊತೆಗಾರನನ್ನು ತಿವಿದಳು.

"ಏನಂತೋ ಯಪ್ಪಾ ಅವಂದು? ಬಸ್ ತಡ ಐತಂತೇನು?"

"ಇಲ್ಲಬೇ ಆಯಿ. ಬರಫ್ ಬಿದ್ದೈತಂತ."

"ಎಲ್ಲಿ, ಬಿಜಾಪುರದಾಗ?"

"ಇಂಗ್ಲೆಂಡಿನಾಗ."

"ಹಂಗನ್ನು ಮತ್ತ. ಅದಕ್ಕ ಬಸ್ ಬಂದಿಲ್ಲ ಬಿಡು," ಎಂದು ಆಕೆ ನಿರಾಳವಾಗಿ ಕಾಲು ಚಾಚಿದಳು.

ಪಾಠ ಹಿಮ ಕರಗುವ ತನಕ ಬಂದಿತ್ತು. ಅಷ್ಟರಲ್ಲಿ ನಮ್ಮ ಬಸ್ಸು ಒಳಗೆ ಬಂತು. ಬಂದದ್ದು ನಿಲ್ಲುವ ಜಾಗಕ್ಕೆ ಬರದೆ ದೂರದಲ್ಲಿಯೇ ನಿಂತಿತು. ಬಾಗಿಲು ತೆರೆಯಲಿಲ್ಲ. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಏನ್ರೋ, ಸ್ಟ್ರೈಕ್ ಮಾಡಾಕ ಬಂದೀರೇನು? ಹೋದ ತಿಂಗಳ ಮುದ್ದೇಬಿಹಾಳದಾಗ ಗಾಜ ಒಡದ್ರು. ನಾ ಬಾಗಲಾ ತೆಗ್ಯಂಗಿಲ್ಲ!"

"ಸ್ಟ್ರೈಕ್ ಅಲ್ರೀ ಅಣ್ಣಾರ, ಕ್ಲಾಸ್ ನಡದೈತ್ರಿ," ಎಂದೆ.

"ಕ್ಲಾಸ್? ಸುಳ್ಳ ಹೇಳಾಕೂ ಒಂದ್ ಮಿತಿ ಇರಬೇಕ್ಲೇ!"

ಸರ್ ಕಟ್ಟೆಯಿಂದ ಇಳಿದು ಹೋಗಿ ತಾವು ಯಾರೆಂದು ಹೇಳಿದರು. ಹಾಜರಿ ಪುಸ್ತಕ ಎತ್ತಿ ತೋರಿಸಿದ ಮೇಲೆ ಬಾಗಿಲು ತೆರೆಯಿತು. ಕಂಡಕ್ಟರನಿಗೆ ಆ ಪುಸ್ತಕ ನೋಡಿ ಬಹಳ ಗೌರವ ಬಂದಂತಿತ್ತು. ತನ್ನ ಕೆಲಸವನ್ನು ಒಬ್ಬ ಕಾಲೇಜಿನ ಮನುಷ್ಯ ನೋಡಲು ಬಂದಿದ್ದಾನೆಂದು ಖಾಕಿ ಅಂಗಿಯ ಗುಂಡಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತ.

"ಹಸರ ಅರಿವಿ ಗಂಟ ಯಾರದು?"

ಜೊತೆಗಾರ ಮುಂದೆ ಹೋದ. ಕಂಡಕ್ಟರ್ ಒಳಕ್ಕೆ ತಿರುಗಿ, ಯಾರಿಗೂ ಕಾಣದಂತೆ ಮುಚ್ಚಳ ಎತ್ತಿ ನೋಡಿದ. "ಪಲ್ಲೆ?"

"ಹೆಸರಕಾಳ."

"ಹೌದ. ತಗೋ."

ಸರ್ ಪುಸ್ತಕದಲ್ಲಿ ಗುರುತು ಹಾಕಿದರು. ಒಬ್ಬೊಬ್ಬರಾಗಿ ಎಲ್ಲರದೂ ಆಯಿತು. ಕಂಡಕ್ಟರ್ ಬುತ್ತಿ ಕೊಟ್ಟ ಹಾಗೆ ಸರ್ ಹಾಜರಿ ಕೊಡುತ್ತ ಹೋದರು. ಕೊನೆಗೆ ಕೆಂಪು ಅರಿವೆಯ ನನ್ನ ಗಂಟು ಉಳಿಯಿತು.

"ಪಲ್ಲೆ?"

"ಬದನಿಕಾಯಿ," ಎಂದೆ. ಹಿಂದಿನ ದಿನ ಊರಿಗೆ ಸಮೀಪದಲ್ಲಿ ಸಂತೆ ಇತ್ತು. ಸಂತೆಯ ಮರುದಿನ ನಮ್ಮ ಮನೆಯಲ್ಲಿ ತಪ್ಪದೆ ಬದನೆಕಾಯಿ.

"ಅಲ್ಲ."

"ಮೆಂತೆ ಪಲ್ಲೆ."

"ಅಲ್ಲಪಾ."

ಸರ್ ಪೆನ್ನು ಎತ್ತಿ ಹಿಡಿದರು. "ಎಲ್ಲರೂ ಹೇಳಿದರು. ನಿಮಗೆ ಮಾತ್ರ ನಿಮ್ಮ ಡಬ್ಬಿ ಗೊತ್ತಿಲ್ಲ. ಇಷ್ಟು ಜನರನ್ನ ಬಿಸಿಲಲ್ಲಿ ಕರಕೊಂಡು ಬಂದವರು ನೀವು. ಇದು ನಿಮ್ಮ ಬುತ್ತಿ ಅಲ್ಲ ಅಂದರೆ ನೀವು ದಿನಾ ಎದ್ದು ಹೋಗ್ತಿದ್ದದ್ದು ಎಲ್ಲಿಗೆ?"

ನನ್ನ ವರ್ಷವೆಲ್ಲ ಒಂದು ಪಲ್ಯದ ಮೇಲೆ ನಿಂತಿತು. ಮಂದಿ ಸುತ್ತ ಕಿಕ್ಕಿರಿದರು. ಪ್ರತಿಯೊಬ್ಬರಿಗೂ ಒಂದೊಂದು ಪಲ್ಯ ಹೊಳೆಯಿತು.

"ಪುಂಡಿ ಪಲ್ಲೆ ಅನ್ನೋ ತಮ್ಮಾ!"

"ಝುಣಕಾ ಇರಬೇಕ ನೋಡು, ವಾಸನಿ ಹಂಗ ಐತಿ."

ಬಟಾಣಿ ಮಾರುವವನು ಕಂಡಕ್ಟರನ ಹಿಂದಿನಿಂದ ಇಣುಕಲು ಹೋದ. ಸರ್ ಒಮ್ಮೆಲೆ ಪರೀಕ್ಷೆಯ ಕೋಣೆಯ ದನಿ ತೆಗೆದರು: "ಯಾರೂ ಹೇಳಿಕೊಡಕೂಡದು! ನೀವು, ಬಟಾಣಿಯವರು, ನಿಮ್ಮ ಜಾಗಕ್ಕೆ ಹೋಗಿ. ಅಜ್ಜಿ, ಸನ್ನೆ ಮಾಡಬೇಡಿ. ಕಾಪಿ ಮಾಡಿಸಿದರೆ ಅಭ್ಯರ್ಥಿಗೇ ತೊಂದರೆ."

ನಿಲ್ದಾಣ ನಿಶ್ಶಬ್ದವಾಯಿತು. ಡ್ರೈವರ್ ಕೂಡ ಎಂಜಿನ್ ಆರಿಸಿದ. ಆ ಹೊತ್ತಿಗೆ ಬಸ್ಸಿನಿಂದ ಕೊನೆಯವನಾಗಿ ನಮ್ಮೂರ ಕಿರಾಣಿ ಅಂಗಡಿಯವನು ಖಾಲಿ ಎಣ್ಣೆ ಡಬ್ಬ ಹಿಡಿದು ಇಳಿದ. ಅವನಿಗೆ ಇದಾವುದರ ಅರಿವೂ ಇರಲಿಲ್ಲ. ಕಂಡಕ್ಟರನ ಎದುರು ನಿಂತು ತನ್ನ ಗೋಳು ತೆಗೆದ: "ಇವತ್ತ ಅಂಗಡಿ ಬಾಗಲಾ ಹಾಕೇ ಬಂದೇನ್ರಿ. ಕೂತು ಏನ್ ಮಾಡ್ಲಿ? ಕೋಳಿ ಕೂಗೂಕಿಂತ ಮೊದ್ಲ ಹೆಂಗಸ್ರೆಲ್ಲ ಹತ್ತಿ ಬಿಡಸಾಕ ಹೊಲಕ್ಕ ಹೋಗ್ಯಾರ. ಊರಾಗ ಒಂದ್ ಒಲಿ ಹೊಗಿ ಆಡವಲ್ದು."

ಸರ್ ಅವನನ್ನು ಹೇಳಿಕೊಡುವವರ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನು ಪಲ್ಯದ ಮಾತೇ ಎತ್ತಿರಲಿಲ್ಲ. ಆದರೆ ನನಗೆ ಅವ್ವ ಕಣ್ಣಿಗೆ ಕಟ್ಟಿದಂತೆ ಕಂಡಳು. ಹತ್ತಿ ಬಿಡಿಸುವ ದಿನ ಕತ್ತಲಲ್ಲೇ ರೊಟ್ಟಿ ಬಡಿದು, ಒಲೆಯ ಮೇಲೆ ನೀರು ಚಿಮುಕಿಸಿ ಎದ್ದುಬಿಡುವಳು. ಮತ್ತೊಂದಕ್ಕೆ ಬೆಂಕಿ ಹಚ್ಚುವವಳಲ್ಲ. ಅಂಥ ದಿನ ಡಬ್ಬಿಯನ್ನು ಬಸ್ಸಿಗೆ ಕೊಡುವವನು ಅಪ್ಪ.

ಕೈ ಕಟ್ಟಿಕೊಂಡು ಹೇಳಿದೆ: "ಪಲ್ಲೆ ಇಲ್ರಿ. ಮಾಡೇ ಇಲ್ಲ."

ಮಂದಿ ಹೋ ಎಂದರು. ಸರ್ ಹುಬ್ಬು ಗಂಟಿಕ್ಕಿದರು. "ಅದು ಉತ್ತರ ಆಗುತ್ತೇನ್ರೀ?"

"ಆಗ್ತೈತ್ರಿ ಸರ್," ಎಂದ ಕಂಡಕ್ಟರ್, ಮುಖವೆಲ್ಲ ನಗೆಯಾಗಿ. "ಇವತ್ತಿನ ಉತ್ತರನ ಅದು. ಮುಂಜಾನಿಂದ ಬಾಯಿ ಬಿಗಿ ಹಿಡದ್ ಕೂತೇನಿ ನೋಡ್ರಿ." ಡಬ್ಬಿಯನ್ನು ಎಲ್ಲರ ಕಡೆ ತಿರುಗಿಸಿ ಹಿಡಿದ. ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಒಂದು ಸಣ್ಣ ಗಿಂಡಿಯಲ್ಲಿ ಮೊಸರು. ಪಲ್ಯದ ಬಟ್ಟಲು ಒಣಗಿತ್ತು. ಸರ್‌ಗೆ ಸಂಶಯ ಉಳಿಯಬಾರದೆಂದು ರೊಟ್ಟಿಯ ಒಂದು ತುಂಡು ಮುರಿದು, ಹಿಂಡಿ ಹಚ್ಚಿ ಅವರ ಕೈಗೆ ಕೊಟ್ಟ. "ಸಾಕ್ಷಿಗಿ ತಗೋರಿ."

ಸರ್ ತಿಂದರು. ಕಣ್ಣಲ್ಲಿ ನೀರು ಬಂತು. ಮತ್ತೆ ಕೈ ಚಾಚಿದರು. ಎರಡನೆಯ ತುಂಡು ಮುಗಿದ ಮೇಲೆ ನನ್ನ ಹಾಜರಿ ಹಾಕಿದರು.

ಬಸ್ಸು ಹೋಯಿತು. ಇನ್ನೇನು ಮುಗಿಯಿತು ಎನ್ನುವಾಗ ಸಿಪಾಯಿ ಓಡಿ ಬಂದ. ಪ್ರಿನ್ಸಿಪಾಲರು ಸುತ್ತು ಹಾಕುವಾಗ ನಮ್ಮ ಕ್ಲಾಸಿನ ಕೋಣೆ ಖಾಲಿ ಕಂಡಿತ್ತು. ಸರ್ ಹೋಗಿ ವಿವರಿಸಿದರು. ಪ್ರಿನ್ಸಿಪಾಲರು ನಮ್ಮೆಲ್ಲರ ಮುಂದೆಯೇ ತೀರ್ಪು ಕೊಟ್ಟರು: "ಕಾಲೇಜಿನ ಕಂಪೌಂಡ್ ದಾಟಿ ಮಾಡಿದ್ದು ಪಾಠ ಅಲ್ಲ, ತಿರುಗಾಟ. ಆ ಹಾಜರಿ ನಡ್ಯಂಗಿಲ್ಲ."

ಹೀಗೆ ಮುಂಜಾನೆ ಗೆದ್ದ ಟರ್ಮ್ ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೋಯಿತು. ಸರ್‌ಗೆ ನಮ್ಮ ಟರ್ಮಿಗಿಂತ ತಮ್ಮ ಪಾಠವನ್ನು ತಿರುಗಾಟ ಎಂದದ್ದು ಹೆಚ್ಚು ನೋವಾಗಿತ್ತು. ಸಂಜೆ ಐದಕ್ಕೆ ಅದೇ ಪಾಠವನ್ನು ಕಂಪೌಂಡಿನೊಳಗೆ ಮತ್ತೆ ಮಾಡುತ್ತೇನೆ, ಎಲ್ಲರೂ ಬರಬೇಕು ಎಂದರು.

ಐದಕ್ಕೆ ಎಲ್ಲರೂ ಬಂದೆವು. ಹಿಮ ಮತ್ತೆ ಬಿತ್ತು. ಆದರೆ ಸಂಜೆಯ ಬಸ್ಸು ಬಿಜಾಪುರದಿಂದ ತಿರುಗಿ ಬರುವ ಹೊತ್ತೂ ಆಗುತ್ತಿತ್ತು. ಖಾಲಿ ಡಬ್ಬಿ ಹತ್ತಿಸದಿದ್ದರೆ ನಾಳೆ ಬುತ್ತಿ ಇಲ್ಲ. ನಾವು ತೊಳೆದ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆವು. ವಿಚಿತ್ರವೆಂದರೆ ಸರ್ ಕೂಡ ಪದೇ ಪದೇ ಕಿಟಕಿಯ ಆಚೆ ನೋಡುತ್ತಿದ್ದರು. ಮುಂಜಾನೆ ಅಷ್ಟು ನಿಧಾನವಾಗಿ ಬಿದ್ದ ಹಿಮ ಸಂಜೆ ಒಂದೇ ಸಮನೆ ಸುರಿದು ಗಡಬಡಿಸಿ ಕರಗಿತು. ಹಾಜರಿಯನ್ನು ಒಂದೇ ಉಸಿರಿನಲ್ಲಿ ಕರೆದು, ಪುಸ್ತಕ ಮುಚ್ಚಿ, "ಕಂಪೌಂಡಿನ ಒಳಗೇ ಆಯಿತು. ನಿಮ್ಮ ಹಾಜರಿ ಪೂರ್ತಿ. ನಡೀರಿ," ಎಂದರು.

ನಿಲ್ದಾಣದ ತನಕ ಅವರೂ ನಮ್ಮ ಜೊತೆ ದಾಪುಗಾಲು ಹಾಕಿದರು. ಅವರ ಕೈಯಲ್ಲಿ ಕಾಗದ ಸುತ್ತಿದ ಒಂದು ಹೊಸ ಡಬ್ಬಿ ಇತ್ತು. ಅಂಗಡಿಯ ದಾರವನ್ನೂ ಬಿಚ್ಚಿರಲಿಲ್ಲ.

"ನಿಮ್ಮ ತಾಯಿಯವರಿಗೆ ತೊಂದರೆ ಆಗುತ್ತಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದರು.

"ಇಲ್ರಿ ಸರ್. ರೊಟ್ಟಿ ಬಡಿಯೂವಾಗ ಎರಡ ಹೆಚ್ಚಿಗಿ ಬಡೀತಾಳ್ರಿ."

ಬಸ್ಸು ಬಂತು. ಕಂಡಕ್ಟರ್ ಡಬ್ಬಿಗಳನ್ನು ತೆಗೆದುಕೊಳ್ಳುತ್ತ ಹೊಸದನ್ನು ನೋಡಿದ. "ಇದ್ಯಾರದು?"

"ನನ್ನದು," ಎಂದರು ಸರ್.

"ಛಲೋ ಆತ್ರಿ. ಆದ್ರ ನಾಳಿ ನೀವ ಬರಬೇಕ್ರಿ ಮತ್ತ. ಬ್ಯಾರೇದವ್ರ ಕೈಯಾಗ ಕೊಡಂಗಿಲ್ಲ. ಪಲ್ಲೆ ಹೇಳಬೇಕ್ರಿ."

"ಆ ಹೊತ್ತಿಗೆ ನನಗೆ ಕ್ಲಾಸ್ ಇದೆ ಕಣ್ರೀ."

"ಇವ್ರಿಗೂ ಇತ್ತಲ್ರಿ ಸರ್."

ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳುವರೇನೋ ಎಂದು ನಾನು ನೋಡಿದೆ. ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ಮೊದಲನೇ ಪೀರಿಯಡ್ ಯಾರದು?" ಎಂದರು.

"ಇತಿಹಾಸದ ಸರ್ ಅವರ್ದ್ರಿ."

"ನಾಳೆಯಿಂದ ಅದನ್ನ ನಾನು ತಗೋತೀನಿ. ನನ್ನದು ಅವರು ತಗೋಳ್ಳಲಿ. ನಿಮ್ಮ ಟರ್ಮ್ ಇನ್ನು ಹೋಗಲ್ಲ."

ಜೊತೆಗಾರ ತಡೆಯದೆ ಕೇಳಿದ: "ಹಂಗಾದ್ರ ಇತಿಹಾಸದ ಟರ್ಮ್ ಹೋಗ್ತೈತಲ್ರಿ?"

ಸರ್ ಅದನ್ನೂ ಯೋಚಿಸಿದರು. "ಅವರೂ ಖಾನಾವಳಿಯಲ್ಲೇ ಊಟ ಮಾಡ್ತಾರೆ," ಎಂದರು. "ಅವರಿಗೂ ಒಂದು ಡಬ್ಬಿ ಕೊಡಿಸೋಣ."

ಕಂಡಕ್ಟರ್ ಸೀಟಿ ಊದಲು ಅವಸರ ಮಾಡುತ್ತಿದ್ದ. ಹೊಸ ಡಬ್ಬಿಗೆ ಅರಿವೆ ಇರಲಿಲ್ಲ. ಸರ್ ತಮ್ಮ ಕರವಸ್ತ್ರ ಕೊಟ್ಟರು. ನಾನು ಅದರಲ್ಲಿ ಡಬ್ಬಿ ಇಟ್ಟು, ನಾಲ್ಕು ಮೂಲೆ ಎಳೆದು, ಗಂಟು ಬಿಗಿದು, ನನ್ನ ಕೆಂಪು ಗಂಟಿನ ಜೊತೆಗೆ ಮೆಟ್ಟಿಲ ಮೇಲೆ ಇಟ್ಟೆ. ಕಂಡಕ್ಟರ್ ಎರಡನ್ನೂ ಎತ್ತಿ ಒಳಗೆ ಡ್ರೈವರನ ಸೀಟಿನ ಹಿಂದೆ ಇಟ್ಟ. ಬಸ್ಸು ಯಂಕಂಚಿಯ ದಾರಿ ಹಿಡಿಯಿತು.